ಎಡಕ್ಕೆ ಎಳೆಯುವ ಹಲಗೆ

ಆ ಸರ್ಫ್ ಹಲಗೆಯ ಮೇಲೆ ದಡದವರೆಗೆ ನಿಂತು ಬರುವುದು ಜಗತ್ತಿನಲ್ಲಿ ಒಬ್ಬನಿಗೇ ಸಾಧ್ಯವಿತ್ತು: ಅದನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಕೈಯಾರೆ ಮಾಡಿದ ಅಣ್ಣನಿಗೆ. ಬೇರೆ ಯಾರೇ ಹತ್ತಲಿ, ಎಡಕ್ಕೆ ಎಳೆದು ನೀರಿಗೆ ಕೆಡವುತ್ತಿತ್ತು. ದಡದ ತನಕ ನಿಂತು ಬಂದರೆ ಹಲಗೆ ನಿನ್ನದೇ ಎಂದು ತನ್ನ ಡ್ರೈವಿಂಗ್ ಶಾಲೆಯ ಶಿಷ್ಯರ ಮುಂದೆ ತಂಗಿಗೆ ಧಾರಾಳವಾಗಿ ಮಾತು ಕೊಟ್ಟಿದ್ದ. ಕೊಡಲು ಅವನ ಗಂಟೇನು ಹೋಗಬೇಕು? ಬೇಸಿಗೆಯೆಲ್ಲ ಅವಳು ಬಿದ್ದಳು, ಎದ್ದಳು, ಉಪ್ಪುನೀರು ಕುಡಿದಳು. ಹಲಗೆಯಲ್ಲೇ ಏನೋ ಐಬಿದೆ ಎಂದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅದೇ ಶಿಷ್ಯರ ಮುಂದೆಯೇ ಹಂಗಿಸಿಬಿಟ್ಟ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹಲಗೆಯ ಮೇಲಿನ ಆಸೆ ಅಂದಿನಿಂದ ಹಟವಾಯಿತು.

ನೆಲ ನಿಜಕ್ಕೂ ಡೊಂಕಾಗಿತ್ತು, ನೋಡಿ. ತಂಗಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನ ಕೆಲಸದವಳು. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅವಳ ಕಣ್ಣಿಗೆ ಚುಚ್ಚುತ್ತದೆ. ಹಲಗೆಯನ್ನು ಬೋರಲು ಹಾಕಿ, ಮೂತಿಯಿಂದ ಬಾಲದವರೆಗೆ ದಾರ ಎಳೆದು ನೋಡಿದಳು. ದಿಕ್ಕು ಹಿಡಿಯುವ, ಮೀನಿನ ರೆಕ್ಕೆಯಂಥ ಫಿನ್ನನ್ನು ಸಿಕ್ಕಿಸುವ ಪ್ಲಾಸ್ಟಿಕ್ ಗೂಡು, ಅದೇ ಫಿನ್ ಬಾಕ್ಸು, ದಾರಕ್ಕೆ ಓರೆಯಾಗಿ ಕೂತಿತ್ತು. ಅಂಟು ಗಟ್ಟಿಯಾಗುವ ಮೊದಲೇ ಕೈಬಿಟ್ಟು ಫೋನು ಹಿಡಿದಿರಬೇಕು ಮಹಾನುಭಾವ.

ಅಣ್ಣನಿಗೆ ಹೇಳಿದರೆ ಒಪ್ಪುವ ಆಸಾಮಿಯೇ? ಅವನು ಕೆಲಸಕ್ಕೆ ಹೊರಟ ಕೂಡಲೇ ತಂಗಿ ಶೆಡ್ಡು ಸೇರಿದಳು, ಜೊತೆಗೆ ಅತ್ತಿಗೆಯೂ. ಎಣ್ಣೆ ಸೀಗೆಕಾಯಿಯಂತಿದ್ದ ಇಬ್ಬರೂ ಅಂದು ಒಂದಾದರು. ತಂಗಿ ಬಾಕ್ಸಿನ ಸುತ್ತ ಉಳಿ ಹಾಕಿ ಕಿತ್ತಳು, ಗುಂಡಿಗೆ ಅಂಟು ತುಂಬಿದಳು, ಹೊಸ ಬಾಕ್ಸನ್ನು ದಾರದ ನೇರಕ್ಕೆ ಕೂರಿಸಿ ಎರಡೂ ಕಡೆ ಟೇಪು ಬಿಗಿದಳು. ಗಟ್ಟಿಯಾಗುವ ತನಕ ಕಣ್ಣು ಕೀಳಲಿಲ್ಲ. ಉಜ್ಜಿ ನುಣುಪು ಮಾಡಿ ಮೇಲೆ ಅದೇ ಬಣ್ಣ ಬಳಿದಳು. ಅಂಟಿನ ಘಾಟು ಮನೆಯೆಲ್ಲ ತುಂಬಿದ್ದರಿಂದ ಅತ್ತಿಗೆ ಬಾಣಲೆ ತುಂಬ ಈರುಳ್ಳಿ ಹುರಿದಳು. ಅಣ್ಣ ಬಂದವನೇ ಮೂಗರಳಿಸಿ, ಇವತ್ತೇನು ವಿಶೇಷ ಎಂದು ಕೇಳಿದ. ಹುರಿದ ಈರುಳ್ಳಿ ಬಿಟ್ಟರೆ ತಟ್ಟೆಯಲ್ಲಿ ಏನೂ ಇರಲಿಲ್ಲ.

ರಜೆಯ ದಿನ ಶಿಷ್ಯರನ್ನೆಲ್ಲ ದಡದಲ್ಲಿ ನಿಲ್ಲಿಸಿ ಅಣ್ಣ ಅಲೆಯೇರಿದ. ಎಂದಿನಂತೆ ಸೊಂಟ ತಿರುವಿ ಬಲಕ್ಕೆ ವಾಲಿದ, ವಾಲಿದವನು ಹಾಗೇ ನೀರಿಗೆ ಬಿದ್ದ. ಇಷ್ಟು ದಿನ ಹಲಗೆ ಎಡಕ್ಕೆ, ಇವನು ಬಲಕ್ಕೆ. ಎರಡು ಸೊಟ್ಟ ಸೇರಿ ಲೆಕ್ಕ ಸರಿಯಾಗುತ್ತಿತ್ತು. ಈಗ ಹಲಗೆ ನೇರವಾಗಿತ್ತು, ಇವನ ಸೊಟ್ಟ ಮಾತ್ರ ಉಳಿದಿತ್ತು. ಮತ್ತೆ ಹತ್ತಿದ, ಮತ್ತೆ ಬಿದ್ದ. ಶಿಷ್ಯರು ಆಕಾಶ ನೋಡಿದರು.

ಆಮೇಲೆ ತಂಗಿ ಹೋದಳು. ಎದ್ದು ನಿಂತಳು, ನಿಂತೇ ಇದ್ದಳು, ಹಲಗೆ ಮರಳಿಗೆ ತಗುಲುವ ತನಕ. ಸಂತೋಷಕ್ಕೆ ಅಳುವೇ ಬಂದುಬಿಟ್ಟಿತು. ಅಣ್ಣ ಹಲಗೆಯನ್ನು ಮಗುಚಿ, ಹೊಸ ಬಣ್ಣದ ಮೇಲೆ ಬೆರಳಾಡಿಸಿ, ಅವಳ ಮುಖ ನೋಡಿದ. ಎಲ್ಲಿ ಕಿತ್ತುಕೊಳ್ಳುತ್ತಾನೋ ಎಂದು ಅವಳು ಹಲಗೆಯ ಮೂತಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆದರೆ ಕೊಟ್ಟ ಮಾತಿಗೆ ಅಷ್ಟೂ ಶಿಷ್ಯರು ಸಾಕ್ಷಿಯಿದ್ದರು.

"ತಗೊಂಡ್ಹೋಗು," ಎಂದ.

ಕೆಲವು ದಿನ ಮುಖ ಊದಿಸಿಕೊಂಡಿದ್ದವನು ಆಮೇಲೆ ಅವಳನ್ನು ಶೆಡ್ಡಿಗೆ ಕರೆದ. ಅಲ್ಲಿ ಇನ್ನೊಂದು ಹಲಗೆ ಅರ್ಧ ಸಿದ್ಧವಾಗಿತ್ತು. ಬಾಗಿಲ ಕಡೆ ಒಮ್ಮೆ ಇಣುಕಿ ಬಂದು, ಹೊಸ ಫಿನ್ ಬಾಕ್ಸನ್ನು ಅವಳ ಕೈಗಿಟ್ಟ.

"ನೀನೇ ಕೂರಿಸ್ಕೊಡು. ಮುಂಚಿನ ಥರಾನೇ, ಸೊಟ್ಟಗೆ. ನಿಮ್ಮ ಅತ್ತಿಗೆಗೆ ಗೊತ್ತಾಗೋದು ಬೇಡ."

ಕಿಟಕಿಯ ಆಚೆ ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ತಂಗಿ ಉಕ್ಕಿ ಬಂದ ನಗುವನ್ನು ನುಂಗಿಕೊಂಡು, ಎಷ್ಟು ಸೊಟ್ಟ ಬೇಕು ಎಂದು ಕೇಳಿದಳು.