ತುಪ್ಪ ಸವರಿದ ಟೋರ್ಟಿಯಾ

ಮೈಥಿಲಿಗೆ ಈ ರೂಮು ಸಿಕ್ಕಿದ್ದು ಅವಳ ಬುದ್ಧಿವಂತಿಕೆಯಿಂದಲ್ಲ, ಹೊಟ್ಟೆಯಿಂದ. ಆಮ್ಸ್ಟರ್‌ಡ್ಯಾಮಿನ ದಕ್ಷಿಣ ಭಾಗದಲ್ಲಿ, ಅವಳು ಪಿಎಚ್‌ಡಿ ಮಾಡುವ ವಿಶ್ವವಿದ್ಯಾಲಯಕ್ಕೆ ಸೈಕಲ್ಲಿನಲ್ಲಿ ಎಂಟೇ ನಿಮಿಷದ ಮನೆ. ಮನೆಯೊಡತಿ ಸೆಲ್ಮಾ ಪೊಲಾಕ್, ಎಂಬತ್ತರ ಹೊಸ್ತಿಲಲ್ಲಿರುವ ಯಹೂದಿ ಮುದುಕಿ, ಕೇಳಿದ್ದು ಒಂದೇ ಪ್ರಶ್ನೆ: "ಮಾಂಸ ತಿಂತೀಯಾ?" ಇಲ್ಲ ಎಂದ ಕೂಡಲೇ ಕೀಲಿಕೈ ಕೊಟ್ಟಳು. ಅದಕ್ಕೂ ಮೊದಲು ಮೈಥಿಲಿ ನಾಲ್ಕು ತಿಂಗಳು ಬೆಸ್ಟ್ ಎಂಬ ದೂರದ ಊರಿನಲ್ಲಿ ಗೆಳೆಯ ಆಕರ್ಷ್‌ನ ಸೋಫಾದ ಮೇಲೆ ಮಲಗಿ, ದಿನಾ ರೈಲಿನಲ್ಲಿ ಓಡಾಡಿ, ಬೆನ್ನು ಸೋಫಾದ ಆಕಾರಕ್ಕೇ ಬಗ್ಗಿಹೋಗಿತ್ತು. ಈ ದೇಶದಲ್ಲಿ ಬಾಡಿಗೆ ರೂಮಿಗಿಂತ ಮೋಕ್ಷ ಬೇಗ ಸಿಗುತ್ತದೆ. ಮೋಕ್ಷಕ್ಕೆ ಯಾರೂ ಸಂಬಳದ ಚೀಟಿ ಕೇಳುವುದಿಲ್ಲ.

ಸೆಲ್ಮಾಳದು ಕೋಷರ್, ಅಂದರೆ ಯಹೂದಿ ಮಡಿಯ ಅಡುಗೆಮನೆ. ಹಾಲಿನ ಅಡುಗೆಗೆ ನೀಲಿ ಗುರುತಿನ ಪಾತ್ರೆ, ಮಾಂಸದ್ದಕ್ಕೆ ಕೆಂಪು, ಎರಡೂ ಅಲ್ಲದ್ದಕ್ಕೆ ಹಸಿರು. ಹಾಲೂ ಮಾಂಸವೂ ಒಂದೇ ಪಾತ್ರೆಯಲ್ಲಾಗಲಿ ಒಂದೇ ಊಟದಲ್ಲಾಗಲಿ ಕೂಡಬಾರದು. ಸಿಂಕು ಕೂಡ ಎರಡು. ಫ್ರಿಜ್ಜಿನ ಬಾಗಿಲ ಮೇಲೆ ಕೈಬರಹದ ಹದಿನಾಲ್ಕು ಕಟ್ಟಳೆಗಳ ಹಾಳೆ. ಮೊದಲನೆಯದು, ಎಷ್ಟೇ ರುಚಿಯಾದರೂ ಮಾಂಸದ ಸೂಪಿಗೆ ಕೆನೆ ಹಾಕಬಾರದು. ಒಂಬತ್ತನೆಯದು, ಕೆಂಪು ಸೌಟಿನಿಂದ ಬೆಕ್ಕಿಗೆ ಹಾಲು ಬಡಿಸಬಾರದು. ಪ್ರತಿ ಸಾಲಿನ ಕೊನೆಗೂ ಒಂದೊಂದು ಇಂಗ್ಲಿಷ್ ಅಕ್ಷರ. ಕಟ್ಟಳೆ ಮಾಡಿದ ಧರ್ಮಗುರುಗಳ ಹೆಸರಿರಬೇಕು ಎಂದುಕೊಂಡು ಮೈಥಿಲಿ ಸುಮ್ಮನಾಗಿದ್ದಳು.

ಅವಳಿಗಿಂತ ಮೊದಲಿದ್ದ ಹುಡುಗ ಕೆಂಪು ಬಾಣಲೆಯಲ್ಲಿ ಚೀಸ್ ಕರಗಿಸಿ, ತಿಕ್ಕಿ ತೊಳೆದು, ಸಾಧುವಿನ ಮುಖ ಹೊತ್ತು ಓಡಾಡಿದ್ದನಂತೆ. ಮೂರನೆಯ ದಿನ ಅವನ ಸೂಟ್‌ಕೇಸು ಬೀದಿಯಲ್ಲಿತ್ತು. ಈ ಕತೆ ಕೇಳಿ ಮೈಥಿಲಿ ಮನಸ್ಸಿನಲ್ಲೇ ನಕ್ಕಿದ್ದಳು. ಧಾರವಾಡದಲ್ಲಿ ಅಜ್ಜಿ ಕಾಶಮ್ಮನ ಮಡಿಯ ಅಡುಗೆಮನೆಯಲ್ಲಿ ಬೆಳೆದವಳಿಗೆ ಇದೆಲ್ಲ ಬಾಲವಾಡಿ. ಮುಸುರೆ ಎಂದರೇನು, ಎಂಜಲು ಎಂದರೇನು, ಯಾವ ಕೈಯಿಂದ ಯಾವ ಡಬ್ಬಿ ಮುಟ್ಟಬೇಕು ಎಂಬುದನ್ನು ಅವಳು ಮಗ್ಗಿಗಿಂತ ಮೊದಲು ಕಲಿತಿದ್ದಳು. ಹನ್ನೊಂದು ತಿಂಗಳಲ್ಲಿ ಒಂದು ಚಮಚವೂ ತಪ್ಪು ಡ್ರಾಯರಿಗೆ ಹೋಗಿರಲಿಲ್ಲ. ಆ ಜಂಭ ಇಟ್ಟುಕೊಂಡೇ ಆ ಭಾನುವಾರ ಮಧ್ಯಾಹ್ನ ಕೆಳಗಿಳಿದಳು.

ಸೆಲ್ಮಾ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಮೆಕ್ಸಿಕೋದಲ್ಲಿ ನೆಲೆಸಿದ ತಂಗಿ ಲೇಯಾ ಒಂಬತ್ತು ವರ್ಷಗಳ ಮೇಲೆ ಸಂಜೆ ಆರಕ್ಕೆ ಬರುವವಳಿದ್ದಳು. ಈ ದೇಶದಲ್ಲಿ ಒಬ್ಬರಿಗೂ ಟೋರ್ಟಿಯಾ ಮಾಡಲು ಬರುವುದಿಲ್ಲ ಎಂದು ಫೋನಿನಲ್ಲಿ ಚುಚ್ಚಿದ್ದಳಂತೆ. ಅದಕ್ಕೇ ಸೆಲ್ಮಾ ಹಟಕ್ಕೆ ಬಿದ್ದು, ಸುಣ್ಣದ ನೀರಿನಲ್ಲಿ ಬೇಯಿಸಿ ಬೀಸಿದ ಮೆಕ್ಕೆಜೋಳದ ಹಿಟ್ಟು ತರಿಸಿದ್ದಳು. ಕೆಂಪು ಪಾತ್ರೆಯಲ್ಲಿ ಮಾಂಸದ ಸಾರು ಆಗಲೇ ಕುದಿಯುತ್ತಿತ್ತು. ಟೋರ್ಟಿಯಾ ಮಾತ್ರ ಹರಿದು ಚೂರಾಗಿ, ಹಸಿರು ಗುರುತಿನ ಕಬ್ಬಿಣದ ಹೆಂಚಿನ ಮೇಲೆ ಭಾರತದ ನಕಾಶೆಯಿಂದ ಹಿಡಿದು ಎಲ್ಲ ಆಕಾರದಲ್ಲೂ ಬಿದ್ದಿತ್ತು.

"ಇದು ನಮ್ಮೂರ ರೊಟ್ಟಿ. ಏಳಿ ನೀವು," ಎಂದಳು ಮೈಥಿಲಿ.

ಬಿಸಿನೀರಿನಲ್ಲಿ ಹಿಟ್ಟು ನಾದಿ, ಉಂಡೆ ಮಾಡಿ, ಮಣೆಯ ಮೇಲೆ ತಟ್ಟತೊಡಗಿದಳು. ಕೈಗೆ ಹಳೆಯ ಲಯ ಹತ್ತಿತು. ಹೆಂಚಿಗೆ ಬಿದ್ದ ರೊಟ್ಟಿ ಪೂರಿಯಂತೆ ಉಬ್ಬಿತು. ಸೆಲ್ಮಾ ಬಾಯಿ ತೆರೆದು ನೋಡಿದಳು, ಹೆಂಚು ತನ್ನ ಅಮ್ಮನದು, ಯುದ್ಧ ದಾಟಿ ಬಂದದ್ದು ಎಂದಳು, ಆಮೇಲೆ ಸ್ವಲ್ಪ ಹೊತ್ತು ಮಲಗಲು ಹೋದಳು. ಮೈಥಿಲಿ ಧಾರವಾಡದ ಯಾವುದೋ ಹಳೆಯ ಮದುವೆಯ ಗುಂಗಿನಲ್ಲಿ ತಟ್ಟುತ್ತ ಹೋದಳು. ಇಪ್ಪತ್ತೆಂಟು ಟೋರ್ಟಿಯಾ. ಕೊನೆಯದನ್ನು ಮಗುಚುವಾಗ ಕೈಯಲ್ಲಿದ್ದ ಚಮಚದ ಕಡೆ ಅವಳ ಕಣ್ಣು ಹೋಯಿತು.

ನೀಲಿ ಚಮಚ. ಪಕ್ಕದಲ್ಲಿ ಅವಳದೇ ತುಪ್ಪದ ಬಾಟಲಿ, ಅರ್ಧ ಖಾಲಿ.

ರೊಟ್ಟಿ ಹೆಂಚಿನ ಮೇಲಿರುವಾಗಲೇ ತುಪ್ಪ ಸವರುವುದನ್ನು ಕಾಶಮ್ಮನ ಮನೆಯಲ್ಲಿ ಬೆಳೆದ ಕೈಗೆ ಯಾರೂ ಹೇಳಬೇಕಿಲ್ಲ, ಕೈ ಕೂಡ ಯಾರನ್ನೂ ಕೇಳುವುದಿಲ್ಲ. ಎಲ್ಲಕ್ಕೂ ಸವರಿದ್ದಳು. ಎರಡೂ ಕಡೆ. ಬೆಣ್ಣೆ ಕಾಯಿಸಿದ ತುಪ್ಪ ಎಂದರೆ ಹಾಲು. ಹಾಲು ಎಂದರೆ ಅಷ್ಟೂ ಟೋರ್ಟಿಯಾ ಮಾಂಸದ ಊಟಕ್ಕೆ ನಿಷಿದ್ಧ. ಅದಕ್ಕಿಂತ ಹೆಚ್ಚಾಗಿ ಆ ಹೆಂಚು ಕೆಟ್ಟಿತು. ಬೆಸ್ಟ್‌ನ ಸೋಫಾ ಮೈಥಿಲಿಯ ಕಣ್ಣ ಮುಂದೆ ತನ್ನ ಮೂರೂ ಗುಳಿಗಳ ಸಮೇತ ಬಂದು ನಿಂತಿತು.

ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಕೊರೋನಾ ಬಂದುಹೋದ ಮೇಲೆ ಸೆಲ್ಮಾಳ ಮೂಗು ಮುಖಕ್ಕೆ ಶೋಭೆಗಷ್ಟೇ ಉಳಿದಿತ್ತು. ದೇವರಿಗೆ ತಿಳಿಯುತ್ತದೆ ನಿಜ, ಆದರೆ ದೇವರು ಮನೆ ಖಾಲಿ ಮಾಡಿಸುವುದಿಲ್ಲ. ಮೈಥಿಲಿ ಬಾಟಲಿ ಎತ್ತಿಕೊಂಡು ರೂಮಿಗೆ ಹೋಗಿ ಅಜ್ಜಿಗೆ ವಿಡಿಯೋ ಕಾಲ್ ಮಾಡಿದಳು.

ಕಾಶಮ್ಮ ಎಲ್ಲ ಕೇಳಿಸಿಕೊಂಡು ನಕ್ಕಳು. "ತುಪ್ಪ ಬಿದ್ರ ಅನ್ನ ಶುದ್ಧ ಆಗ್ತದ. ಇವರಲ್ಲಿ ಕೆಡ್ತದಂತೇನು? ಛಲೋ ಅದ ಬಿಡು."

"ನಗಬ್ಯಾಡ ಅಜ್ಜಿ. ಹೇಳಿದ್ರ ರೂಮು ಹೋಗ್ತದ. ಸುಮ್ನಿದ್ರ ಏನಾಗ್ತದ? ಸಣ್ಣಾಕಿ ಇದ್ದಾಗ ಎಣ್ಣಿ ಕಲಸಿ ಶೇಂಗಾ ಹಿಂಡಿ ತಿಂದ ಕೈಲೆ ನಿನ್ನ ಮಡಿ ಸೀರಿ ಮುಟ್ಟಿದ್ದೆ. ನೀ ಅದನ್ನ ಉಟ್ಟು ಪೂಜಾ ಮಾಡಿದಿ. ಏನಾತು?"

ಕಾಶಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಅದನ್ನೆಲ್ಲಿ ಉಟ್ಟೆ? ಐದೂ ಬೆರಳು ಎಣ್ಣಿ ಎಣ್ಣಿ ಮೂಡಿದ್ವು. ಮತ್ತ ಒಗದು, ಮತ್ತ ಸ್ನಾನಾ ಮಾಡಿ, ಬ್ಯಾರೆ ಉಟ್ಟೆ. ನೀ ಬಂದು ಹೇಳ್ತಿ ಅಂತ ಹದಿನೆಂಟು ವರ್ಷ ಕಾದೀನಿ ನೋಡು."

ಅಷ್ಟು ವರ್ಷ ಮೈಥಿಲಿ, ತಾನು ಅಜ್ಜಿಯನ್ನೂ ದೇವರನ್ನೂ ಏಕಕಾಲಕ್ಕೆ ಯಾಮಾರಿಸಿದೆ ಎಂದು ಒಳಗೊಳಗೇ ಬೀಗಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಫೋನಿಟ್ಟು, ಮಂಚದ ಕೆಳಗಿನ ಸೂಟ್‌ಕೇಸನ್ನು ಅರ್ಧ ಎಳೆದಿಟ್ಟು, ಕೆಳಗಿಳಿದು ಸೆಲ್ಮಾಳನ್ನು ಎಬ್ಬಿಸಿ ಹೇಳಿದಳು.

ಸೆಲ್ಮಾ ಅಡುಗೆಮನೆಗೆ ಬಂದು ಹೆಂಚನ್ನು ನೋಡಿದಳು. "ಎಲ್ಲದಕ್ಕೂ ಹಚ್ಚಿದ್ಯಾ?"

"ಎಲ್ಲದಕ್ಕೂ."

ಸೆಲ್ಮಾ ತನ್ನ ಧರ್ಮಗುರು ರಬ್ಬಿಗೆ ಫೋನ್ ಮಾಡಿದಳು. ಡಚ್ಚಿನಲ್ಲಿ ಹತ್ತು ನಿಮಿಷ ಮಾತಾಯಿತು. ನಡುವೆ ಆ ಕಡೆಯವರು ಎರಡು ಸಲ ನಕ್ಕಿದ್ದು ಮೈಥಿಲಿಗೆ ಕೇಳಿಸಿತು. ಮೆಕ್ಸಿಕನ್ ರೊಟ್ಟಿಗೆ ಹಿಂದೂ ತುಪ್ಪ ಬಿದ್ದ ಕೇಸು ಆ ಪುಣ್ಯಾತ್ಮನಿಗೂ ಅದೇ ಮೊದಲಿರಬೇಕು. ಹೆಂಚನ್ನು ಕೆಂಪಗೆ ಕಾಯಿಸಿದರೆ ಮತ್ತೆ ಹಸಿರಾಗುತ್ತದೆ ಎಂದು ತೀರ್ಪಾಯಿತು. ರೂಮಿನ ತೀರ್ಪು ಮಾತ್ರ ಬರಲಿಲ್ಲ. ಸೆಲ್ಮಾ ಮಾಂಸದ ಸಾರನ್ನು ಒಲೆಯಿಂದಿಳಿಸಿ ಮುಚ್ಚಿಟ್ಟಳು, ನೀಲಿ ತಟ್ಟೆಗಳನ್ನು ಹೊರತೆಗೆದಳು. ಮೈಥಿಲಿ ಹುರುಳಿಕಾಯಿ ಪಲ್ಯ ಮಾಡಿದಳು, ಚೀಸ್ ತುರಿದಳು. ಚೀಸಿನ ಜೊತೆ ಒಂದು ಉಗುರೂ ಸ್ವಲ್ಪ ತುರಿದುಹೋಯಿತು.

ಲೇಯಾ ಆರಕ್ಕೆ ಸರಿಯಾಗಿ ಬಂದಳು. ಅಕ್ಕನಿಗಿಂತ ಗಿಡ್ಡ, ದನಿ ಮಾತ್ರ ಇಮ್ಮಡಿ. ಒಂದು ಟೋರ್ಟಿಯಾ ತಿಂದಳು, ಎರಡು ತಿಂದಳು, ಐದನೆಯದಕ್ಕೆ ಕೈ ಹಾಕುತ್ತ, "ನನ್ನ ಕೇರಿಯಲ್ಲೂ ಇಂಥದ್ದು ಸಿಗಲ್ಲ. ಏನು ಸವರಿದ್ದೀರಿ ಇದಕ್ಕೆ? ಮಾಂಸದ ಊಟ ಅಂದಿದ್ದೆಯಲ್ಲ, ಎಲ್ಲಿ?" ಎಂದಳು.

ಸೆಲ್ಮಾ ಗದ್ದದಿಂದಲೇ ಮೈಥಿಲಿಯನ್ನು ತೋರಿಸಿದಳು. "ಅವಳನ್ನೇ ಕೇಳು."

ಮೈಥಿಲಿ ಎರಡನೆಯ ಸಲ ತಪ್ಪೊಪ್ಪಿಕೊಂಡಳು. ಲೇಯಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಕೆಮ್ಮಿದಳು, ನೀರು ಕುಡಿದಳು. ಸೆಲ್ಮಾ ನಗಲಿಲ್ಲ. ಎದ್ದು, ಡ್ರಾಯರಿನಿಂದ ಪೆನ್ನು ತೆಗೆದು, ಫ್ರಿಜ್ಜಿನ ಬಳಿ ಹೋಗಿ ಹಾಳೆಯ ತುದಿಯಲ್ಲಿ ನಿಧಾನವಾಗಿ ಬರೆದಳು. ಹದಿನೈದು. ಟೋರ್ಟಿಯಾಗೆ ತುಪ್ಪ ಸವರಬಾರದು. ಕೊನೆಗೆ ಒಂದಕ್ಷರ, ಎಂ.

"ಎಂ ಅಂದ್ರೆ ಯಾವ ರಬ್ಬಿ?" ಮೈಥಿಲಿ ಕೇಳಿದಳು.

ಲೇಯಾಗೆ ಮತ್ತೆ ಕೆಮ್ಮು ಬಂತು. "ಯಾವ ರಬ್ಬಿಯೂ ಇಲ್ಲ ಮಗಳೇ. ಮೇಲಿನ ಎಲ್ ನೋಡು, ಅದು ನಾನು. ಹದಿನೇಳು ವರ್ಷ ಆಗ. ಸೂಪಿಗೆ ಕೆನೆ ಹಾಕಿ, ಅಳುತ್ತಾ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಬೈಯಲಿಲ್ಲ, ಬರೆದಿಟ್ಟಳು. ಆಮೇಲೆ ಇವಳು ಮುಂದುವರಿಸಿದಳು."

ಮೈಥಿಲಿ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. ಹದಿನಾಲ್ಕು ತಪ್ಪು, ಹದಿನಾಲ್ಕು ಜನ. ಕೆಂಪು ಬಾಣಲೆಯಲ್ಲಿ ಚೀಸ್ ಕರಗಿಸಿದ ಹುಡುಗನ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಆ ಚೀಸಿನ ಹುಡುಗನದ್ದು ಯಾಕಿಲ್ಲ?"

"ನಾನು ಕಂಡುಹಿಡಿದದ್ದನ್ನ ಬರೆಯೋದಿಲ್ಲ. ಬಂದು ಹೇಳಿದವರದ್ದು ಮಾತ್ರ," ಎಂದಳು ಸೆಲ್ಮಾ.

ಈ ದೇಶದಲ್ಲಿ ಮೈಥಿಲಿಯ ಹೆಸರು ನಗರಸಭೆಯ, ವಿಶ್ವವಿದ್ಯಾಲಯದ ದಾಖಲೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಈಗ ಈ ಫ್ರಿಜ್ಜಿನ ಮೇಲೂ ಬಂತು, ಪೂರ್ತಿ ಅಲ್ಲ, ಒಂದಕ್ಷರ. ಅವಳಿಗೆ ಅಳು ಬಂತು, ತಡೆಯಲಿಲ್ಲ. ಲೇಯಾ ಆರನೆಯ ಟೋರ್ಟಿಯಾವನ್ನು ಅವಳ ತಟ್ಟೆಗೆ ಹಾಕಿದಳು.

ಸೆಲ್ಮಾ ಪೆನ್ನಿನ ಮುಚ್ಚಳ ಹಾಕಿ, ಹಾಳೆಯ ಕೆಳತುದಿಯ ಮೇಲೆ ಬೆರಳಾಡಿಸಿದಳು. "ನಾಳೆ ಹೆಂಚು ಕಾಯಿಸೋದು ನಿನ್ನ ಕೆಲಸ. ಮತ್ತೆ ಹುಷಾರು, ಹದಿನಾರಕ್ಕೆ ಇಲ್ಲಿ ಜಾಗ ಇಲ್ಲ."