ಗಣಿತದ ಮಿಸ್ ಮೇಲೆ ಹೇಳಿದ ಚಾಡಿ

ಬ್ರೈಟ್ ಮಯೂರ ಇಂಟರ್‌ನ್ಯಾಷನಲ್ ಸ್ಕೂಲಿನ ಬಸ್ಸು ಪಕ್ಕದೂರು ಮೋಟೆಬೆನ್ನೂರು ದಾಟಿ ಆಚೆ ಹೋದದ್ದನ್ನು ನಾನಂತೂ ನೋಡಿಲ್ಲ. ಆದರೂ ಅದು ಇಂಟರ್‌ನ್ಯಾಷನಲ್ಲು. ಬ್ಯಾಡಗಿಯಲ್ಲಿ ನನ್ನ ಪಕ್ಕದ ಅಂಗಡಿಯ ಮೆಣಸಿನಕಾಯಿ ವ್ಯಾಪಾರಿ ಅಂದಾನೆಪ್ಪನಿಗೆ ಆ ಶಬ್ದವೇ ಸಾಕಾಯಿತು. ಒಂದು ಕಾಯಿಯ ತೊಟ್ಟು ಮುರಿದು ಇಡೀ ಚೀಲದ ಹಣೆಬರಹ ಹೇಳುವ ಮನುಷ್ಯ, ಮಗಳು ಶಿವಲೀಲಾಳನ್ನು ಸೇರಿಸುವಾಗ ಶಾಲೆಯ ಗೇಟಿನ ಬಣ್ಣ ನೋಡಿ ತಲೆಯಾಡಿಸಿ ಬಂದ.

ಶಾಲೆಯಲ್ಲಿ ಟೈ ಇತ್ತು, ಬೂಟಿತ್ತು, ಗೋಡೆಯ ಮೇಲೆ ಈಜುಕೊಳದ ಚಿತ್ರವಿತ್ತು. ಮಾಸ್ತರುಗಳು ಮಾತ್ರ ನಿಲ್ಲುತ್ತಿರಲಿಲ್ಲ. ಒಬ್ಬಾಕೆ ಮದುವೆಯಾಗಿ ಹೋದಳು, ಒಬ್ಬಾತ ಹಾವೇರಿಯ ಇನ್ನೊಂದು ಶಾಲೆಗೆ ಹಾರಿದ, ಮತ್ತೊಬ್ಬಾಕೆ ಊಟದ ಬಿಡುವಿನಲ್ಲಿ ಹೋದವಳು ತಿರುಗಿ ಬರಲೇ ಇಲ್ಲ. ಹೊಸದಾಗಿ ಬಂದವರೆಲ್ಲ ಗಣಿತವನ್ನು ಮೊದಲನೇ ಪಾಠದಿಂದಲೇ ಶುರು ಮಾಡುವರು. ಹೀಗಾಗಿ ಐದನೇ ತರಗತಿಯ ಮೊದಲನೇ ಪಾಠದಲ್ಲಿ ಶಿವಲೀಲಾಳನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ. ಅದರಾಚೆಗೆ ಹೋದರೆ ಹುಡುಗಿಗೆ ಹೊಟ್ಟೆನೋವು ಬರುತ್ತಿತ್ತು. ಗಣಿತದ ಪುಸ್ತಕ ಕಂಡರೆ ಅಳುತ್ತಿದ್ದಳು.

ಆಮೇಲೆ ಬೇನಜೀರ ಮಿಸ್ ಬಂದಳು. ಲೆಕ್ಕ ತಪ್ಪಿದರೆ ಆಕೆ ಉತ್ತರ ಹೇಳಿಕೊಡುತ್ತಿರಲಿಲ್ಲ, ಎಲ್ಲಿ ತಪ್ಪಿತೆಂದು ಹುಡುಗಿಯೇ ಹುಡುಕುವ ತನಕ ಬಿಡುತ್ತಿರಲಿಲ್ಲ. ಒಂದು ಸಂಜೆ ಶಿವಲೀಲಾ ಯಾರೂ ಹೇಳದೆ ಕೂತು ಭಿನ್ನರಾಶಿ ಮಾಡುತ್ತಿದ್ದಳು. ಅವಳ ತಾಯಿ ನಿರ್ಮಲಾ ಗಂಡನನ್ನು ಸದ್ದಿಲ್ಲದೆ ಕರೆದು ಬಾಗಿಲಲ್ಲಿ ನಿಲ್ಲಿಸಿ ತೋರಿಸಿದಳಂತೆ. ಅಂದಾನೆಪ್ಪನ ಕಣ್ಣು ಒದ್ದೆಯಾಯಿತು. ಮೆಣಸಿನಕಾಯಿ ಘಾಟು ಅಂದ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದು ಅವನಿಗೆ ಗೊತ್ತಿಲ್ಲವೇ?

ಇಂಥ ಹೊತ್ತಿನಲ್ಲಿ ರಾಣೇಬೆನ್ನೂರಿನಿಂದ ಕುಲ್ಸುಮಬಿ ಎಂಬಾಕೆ ಮೆಣಸಿನಕಾಯಿ ಕೊಳ್ಳುವ ನೆವ ಮಾಡಿಕೊಂಡು ಅವನ ಅಂಗಡಿಗೆ ಬಂದಳು. ಬೀಜದಂಗಡಿ ನಡೆಸುವ ತನ್ನ ಮಗ ಜಾಕೀರ್‌ಗೆ ಬೇನಜೀರಳನ್ನು ನೋಡಿದ್ದಾಳಂತೆ. ಹೆಣ್ಣು ತರುವ ಮುಂಚೆ ನಾಲ್ಕು ಕಡೆ ವಿಚಾರಿಸುವುದು ನಮ್ಮ ಕಡೆಯ ಪದ್ಧತಿ. ನಿಮ್ಮ ಮಗಳಿಗೆ ಕಲಿಸುತ್ತಾಳಲ್ಲ, ಹುಡುಗಿ ಹೇಗೆ ಎಂದು ಕೇಳಿದಳು.

ಅಂದಾನೆಪ್ಪನ ತಲೆ ಚುರುಕಾಗಿ ಓಡಿತು. ಒಳ್ಳೆಯವಳು ಅಂದರೆ ಮದುವೆ, ಮದುವೆ ಅಂದರೆ ಮತ್ತೆ ಮೊದಲನೇ ಪಾಠ. ಸುಳ್ಳು ಹೇಳೋಣವೆಂದರೆ ಹೆಣ್ಣುಮಗಳ ವಿಷಯ, ಪಾಪ ಸುತ್ತಿಕೊಳ್ಳುತ್ತದೆ. ಅದಕ್ಕೇ ಖರೆಯನ್ನೇ ಚಾಡಿಯ ಧಾಟಿಯಲ್ಲಿ ಹೇಳತೊಡಗಿದ. ಬಲು ಹಟಮಾರಿ. ತಪ್ಪಿದರೆ ಹತ್ತು ಸಲ ಮಾಡಿಸುತ್ತಾಳೆ. ದನಿ ಓಣಿಗೆಲ್ಲ ಕೇಳುತ್ತದೆ. ಸ್ಕೂಲಿನ ಚೇರ್ಮನ್ನರೇ ಬಂದು ಎಲ್ಲರಿಗೂ ಮಾರ್ಕ್ಸ್ ಹಾಕಿಬಿಡು ಅಂದರೂ ಹಾಕಲಿಲ್ಲ. ನಾನು ಪಕ್ಕದಲ್ಲಿ ಚಾ ಕುಡಿಯುತ್ತ ಇದನ್ನೆಲ್ಲ ಕೇಳಿದೆ. ನನಗೆ ಅವನ ಮೇಲೆ ಹೇಸಿಗೆ ಬಂತು.

ಕುಲ್ಸುಮಬಿಯ ಮುಖ ಮಾತ್ರ ಅರಳುತ್ತಲೇ ಹೋಯಿತು.

"ನನ್ನ ಮಗ ಬಾಳ ಮೆತ್ತಗ ಅದಾನ್ರಿ. ಯಾರ್ ಏನ್ ಕೇಳಿದ್ರೂ ಹೂಂ ಅಂತಾನ. ಇಂಥಾಕಿನ್ನಽ ಹುಡುಕಾಕತ್ತಿದ್ದೆ ನಾನು" ಅಂದು, ಬೇಡದಿದ್ದ ಕಾಯಿಯನ್ನೂ ಕೊಂಡು ಹೋದಳು. ಅದೇ ವಾರ ಮಾತು ಮುಗಿದು ಸಕ್ಕರೆ ಹಂಚಿದರು. ನಿರ್ಮಲಾ ಗಂಡನನ್ನು ಊಟಕ್ಕೆ ಕರೆಯುವುದನ್ನೇ ಬಿಟ್ಟಳು.

ಕೆಲವು ದಿನಗಳ ಮೇಲೆ ಬೇನಜೀರಳೇ ಪೇಡೆಯ ಡಬ್ಬಿ ಹಿಡಿದು ಅಂಗಡಿ ಹತ್ತಿದಳು. ಅಂದಾನೆಪ್ಪ ಚೀಲಗಳ ಹಿಂದೆ ಜಾಗ ಹುಡುಕಿದ. ಆಕೆಗೆ ಸಿಟ್ಟೇನೂ ಇರಲಿಲ್ಲ. ಅವನು ಹೇಳಿದ್ದನ್ನೆಲ್ಲ ಅತ್ತೆಯಾಗುವಾಕೆ ಒಂದೂ ಬಿಡದೆ ಹೇಳಿದ್ದಳು. ತಾನು ಹೇಗೆ ಕಲಿಸುತ್ತೇನೆಂದು ಸ್ಕೂಲಿನಲ್ಲಿ ಯಾರೂ ಇಷ್ಟು ಗಮನಿಸಿರಲಿಲ್ಲ ಎಂದು ನಕ್ಕಳು. ಅವನು ಕೈಯಲ್ಲಿದ್ದ ಪೇಡೆಯನ್ನು ತಕ್ಕಡಿಯ ಮೇಲಿಟ್ಟ.

"ಮದ್ವಿ ಸಲುವಾಗಿ ಸ್ಕೂಲ್ ಬಿಡಾಕತ್ತಿಲ್ರಿ ನಾನು. ಸರ್ಕಾರಿ ನೌಕರಿ ಆರ್ಡರ್ ಬಂದೈತಿ, ಇಲ್ಲೇ ನಿಮ್ಮ ಓಣಿ ಶಾಲಿಗೆ. ರಾಣೇಬೆನ್ನೂರಿಂದ ದಿನಾ ಬಸ್ಸಿಗೆ ಬರ್ತೇನಿ. ಶಿವಲೀಲಾನ್ನ ಅಲ್ಲಿಗೆ ಕಳಸ್ರಿ. ಆಕಿ ಏಳನೇತ್ತ ಮುಗಿಸೂತನಾ ನಾ ಇರ್ತೇನಿ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಶಾಲೆ ಅವನ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿ ಕನ್ನಡ ಮಾಧ್ಯಮ, ಮಳೆಗೆ ಸೋರುವ ಮಾಡು. ಉಳಿದ ವಿಷಯಕ್ಕೆ ಅತಿಥಿ ಶಿಕ್ಷಕರು, ಅವರೂ ವರ್ಷಕ್ಕೊಬ್ಬರು. ಇತ್ತ ಬ್ರೈಟ್ ಮಯೂರದಲ್ಲಿ ಇಂಗ್ಲಿಷು, ಹಾವೇರಿಯ ಬೀಗರ ಮುಂದೆ ಹೇಳಿಕೊಳ್ಳಲು ಒಂದು ಹೆಸರು. ಬೀಗರು ಬಂದು ಭಿನ್ನರಾಶಿ ಕಲಿಸುತ್ತಾರೇನು ಎಂದು ನಿರ್ಮಲಾ ಕೇಳಿದ ಮೇಲೆ ತೂಗುವುದೇನೂ ಉಳಿಯಲಿಲ್ಲ. ಆದರೆ ಮಗಳಿಗೆ ಹೇಳುವ ಕೆಲಸವನ್ನು ಆಕೆ ಗಂಡನಿಗೇ ಬಿಟ್ಟಳು.

ಶಿವಲೀಲಾ ಸ್ಕೂಲ್ ಬಸ್ಸಿಳಿದು ಅಂಗಡಿಗೆ ಬಂದಾಗ ಅವನು ಓಣಿಯ ಶಾಲೆಯ ವಿಷಯ ತೆಗೆದ. ಬೇನಜೀರ ಅನ್ನಲಿಲ್ಲ, ನಿಮ್ಮ ಗಣಿತದ ಮಿಸ್ ಅಂದ. ಹುಡುಗಿ ಪಾಟೀಚೀಲ ಇಳಿಸಲೂ ಇಲ್ಲ.

"ಅಲ್ಲಿ ದಿಕ್ಕಿಲ್ಲದವ್ರ ಮಕ್ಕಳು ಹೋಗ್ತಾರಂತ ನೀನಽ ಹೇಳಿದ್ದೆಲ್ಲಪ್ಪ."

ಹೇಳಿದ್ದು ನಿಜ. ಎಷ್ಟು ಸಲ ಹೇಳಿದ್ದನೋ, ನನ್ನೆದುರಿಗೇ ಹೇಳಿದ್ದ. ಗಿರಾಕಿಗೆ ಒದ್ದೆ ಕಾಯಿಯನ್ನೂ ಒಣಗಿದ್ದು ಎಂದು ನಂಬಿಸುವ ಬಾಯಿ ಅವನದು, ಈಗ ಸುಮ್ಮನೆ ಒಂದು ಕಾಯಿ ಎತ್ತಿಕೊಂಡು ತೊಟ್ಟು ಮುರಿದ. ಮೊದಲ ಸಲ ಅವನನ್ನು ಕಂಡು ನನಗೆ ಅಯ್ಯೋ ಅನ್ನಿಸಿತು.

"ಹೌದವ್ವ," ಅಂದ ಕೊನೆಗೆ. "ನಮಗೂ ಬ್ಯಾರೆ ದಿಕ್ಕಿಲ್ಲ."

ಹುಡುಗಿ ಅಪ್ಪನ ಮುಖವನ್ನೇ ನೋಡಿದಳು. ಮಿಸ್ ಅಲ್ಲಿಂದಲೂ ಹೋಗಿಬಿಟ್ಟರೆ ಎಂದು ಕೇಳಿದಳು. ಏಳನೇ ತರಗತಿ ಮುಗಿಯುವ ತನಕ ಇರುತ್ತೇನೆ ಅಂದಿದ್ದಾಳೆ, ಪೇಡೆ ಕೊಟ್ಟು ಹೇಳಿ ಹೋಗಿದ್ದಾಳೆ ಎಂದ ಅವನು. ನಾನೂ ಸಾಕ್ಷಿ ಹೇಳಿದೆ.

ಶಿವಲೀಲಾ ಚೀಲ ಇಳಿಸಿ ಒಂದು ಗೋಣಿಯ ಮೇಲೆ ಕೂತಳು. ಅಷ್ಟು ಜನ ಕಲಿಸುವವರು ಬಂದು ಹೋದರು, ಅವಳ ಪಾಲಿಗೆ ಎಲ್ಲರೂ ಬರೀ ಸರ್ರು, ಮಿಸ್ಸು; ಯಾರ ಹೆಸರನ್ನೂ ಕೇಳಿದವಳಲ್ಲ. ಈಗ ಮೆಲ್ಲಗೆ ಕೇಳಿದಳು.

"ಅಪ್ಪ, ಮಿಸ್ ಹೆಸರೇನು?"