ಸಾವಿರದ ಒಂಬೈನೂರ ಒಂಬತ್ತರ ಕಾಸಿನ ಸರ

ಸಿಡ್ನಿಯ ಎಪ್ಪಿಂಗ್‌ನಲ್ಲಿ ಸುಬ್ಬಣ್ಣನ ಫ್ಲ್ಯಾಟಿಗೆ ಯಾರೇ ಊಟಕ್ಕೆ ಹೋಗಲಿ, ಪಾಯಸಕ್ಕೆ ಮುಂಚೆ ನಾಣ್ಯ ನೋಡಲೇಬೇಕು. ತಪ್ಪಿಸಿಕೊಂಡವರಿಲ್ಲ. ಬೀರುವಿನಿಂದ ಮರದ ತಟ್ಟೆ ಹೊರಗೆ ಬರುತ್ತಿತ್ತು. ಕಪ್ಪು ಮಖಮಲ್ಲು, ಅದರಲ್ಲಿ ಹದಿನೆಂಟು ಗುಳಿ, ಕೊನೆಯದೊಂದು ಬಿಟ್ಟು ಗುಳಿಗೊಂದು ಅಮೆರಿಕದ ನಾಣ್ಯ. ಎಲ್ಲವೂ ಸಾವಿರದ ಒಂಬೈನೂರ ಒಂಬತ್ತರವು. ಒಂದು ವರ್ಷ ಆಚೆಗಿಲ್ಲ, ಈಚೆಗಿಲ್ಲ. ಅದು ಅವನ ತಾತ ಹುಟ್ಟಿದ ವರ್ಷ. ತಾತ ಅಮೆರಿಕ ನೋಡಿರಲಿಲ್ಲ, ಮೊಮ್ಮಗನೂ ನೋಡಿಲ್ಲ. ಆದರೆ ಚಟಕ್ಕೆ ವೀಸಾ ಬೇಕಿಲ್ಲವಲ್ಲ!

"ಮುಟ್ಬೇಡಿ, ಅಂಚು ಹಿಡೀಬೇಕು," ಎಂದು ಸುಬ್ಬಣ್ಣ ಪಾಠ ಶುರು ಮಾಡುತ್ತಿದ್ದ. "ಈ ಕಪ್ಪು ಇದ್ಯಲ್ಲ, ಇದು ಕೊಳೆ ಅಲ್ಲ ಸ್ವಾಮಿ, ನೂರು ವರ್ಷದ ವಯಸ್ಸು. ಕಾಯಿನ್ ತೊಳೆಯೋದೂ ಒಂದೇ, ಮನುಷ್ಯನ ಮುಖದ ಚರ್ಮ ಸುಲಿಯೋದೂ ಒಂದೇ. ಒಂದ್ಸಲ ಉಜ್ಜಿದ್ರೋ, ಮುಗೀತು. ಬರೀ ಲೋಹ."

ಅವನ ಹೆಂಡತಿ ಜಲಜಾ ಈ ಪಾಠವನ್ನು ಅಡುಗೆಮನೆಯಿಂದಲೇ ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ತಟ್ಟೆಯ ಹತ್ತಿರ ಹೋಗುವ ಹಕ್ಕು ಮಾತ್ರ ಅವಳಿಗಿರಲಿಲ್ಲ. "ನಿಂದು ಒಗ್ಗರಣೆ ಕೈ, ದೂರ ನಿಂತ್ಕೋ," ಎಂದು ನೆಂಟರೆದುರೇ ಅನ್ನುತ್ತಿದ್ದ. ನೆಂಟರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಹತ್ತು ಜನರೆದುರು ಅವಳ ಕೈಯಿಂದ ಒಂದು ಒಳ್ಳೆಯದಾಯಿತೆಂದು ಆ ಮನುಷ್ಯ ಬಾಯಿಬಿಟ್ಟವನಲ್ಲ. ಯಾರಾದರೂ ಸಾರು ಹೊಗಳಿದರೆ, "ಪುಡಿ ನಮ್ಮಮ್ಮಂದು," ಎಂದು ಥಟ್ಟನೆ ತಿದ್ದುತ್ತಿದ್ದ.

ಹದಿನೇಳು ನಾಣ್ಯ ಸಿಕ್ಕಿ ನಾಲ್ಕು ವರ್ಷವಾಗಿತ್ತು. ಖಾಲಿ ಉಳಿದ ಹದಿನೆಂಟನೆಯ ಗುಳಿಗೆ ಬೇಕಿದ್ದದ್ದು ಒಂದು ಸೆಂಟು. ಬರೀ ತಾಮ್ರದ್ದು, ಹುಡುಗರ ಗೋಲಿಯಷ್ಟು ಸಣ್ಣದು. ಆದರೆ ವರ್ಷದ ಕೆಳಗೆ ಟಂಕಸಾಲೆಯ ಗುರುತಾಗಿ ಒಂದು ಪುಟ್ಟ 'ಎಸ್', ಹಿಂದುಗಡೆ ತಳದಲ್ಲಿ ಕೆತ್ತಿದವನ ಮೂರಕ್ಷರ. ಹಾಗಿದ್ದರೆ ಅದಕ್ಕೆ ಬರುವ ಗತ್ತೇ ಬೇರೆ, ಬೆಲೆಯೇ ಬೇರೆ. ಅದು ಎರಡು ಸಾವಿರದ ಆರರ ಜುಲೈನಲ್ಲಿ ಸುಬ್ಬಣ್ಣನ ಗುಳಿಗೆ ಬಂದು ಬಿತ್ತು.

ಹೇಗೆ ಬಿತ್ತೆಂದು ಜಲಜಾಗೆ ಗೊತ್ತಾದದ್ದು ವರಮಹಾಲಕ್ಷ್ಮಿ ಹಬ್ಬದ ದಿನ. ರೇಷ್ಮೆ ಸೀರೆಯುಟ್ಟು ಬಂದು, ಲಾಕರಿನಿಂದ ತನ್ನ ಕಾಸಿನ ಸರ ತಂದಿರಾ ಎಂದು ಕೇಳಿದಳು. ನಲವತ್ತು ಬಂಗಾರದ ಕಾಸು ಪೋಣಿಸಿದ ಸರ ಅದು. ಅವಳಮ್ಮ ಸಾಯುವ ಮುಂಚೆ ಕೈಯಾರೆ ಕೊರಳಿಗೆ ಹಾಕಿದ್ದು. ಹನ್ನೆರಡು ಮುತ್ತೈದೆಯರು ಸೋಫಾ ತುಂಬ ಕುಳಿತಿದ್ದರು. ಸುಬ್ಬಣ್ಣ ಅವರ ಮುಂದೆಯೇ ಕಿಸಕ್ಕನೆ ನಕ್ಕ.

"ಅದನ್ನ ಪ್ಯಾರಮಟ್ಟಾ ಜ್ಯುವೆಲರ್‌ಗೆ ಮಾರಿದ್ದಾಯ್ತಲ್ಲೇ! ನೀನು ನಲವತ್ತು ಕಾಸು ಹೊತ್ಕೊಂಡು ಓಡಾಡ್ತಿದ್ದೆ, ನಾನು ಎಲ್ಲಾ ಸೇರ್ಸಿ ಒಂದೇ ಕಾಸು ಮಾಡ್ದೆ. ಕತ್ತಿಗೂ ಹಗುರ, ಅಲ್ವೇನ್ರಮ್ಮಾ?"

ಮುತ್ತೈದೆಯರಲ್ಲಿ ಮೂವರು ನಕ್ಕರು. ಉಳಿದವರು ತಾಂಬೂಲದ ಚೀಲದೊಳಗೆ ಏನೋ ಹುಡುಕಿದರು. ಜಲಜಾ ಒಳಗೆ ಹೋಗಿ ಆರತಿಗೆ ಬತ್ತಿ ಹೊಸೆದಳು. ಅಳಲಿಲ್ಲ. ತನಗೆ ಕಾಸಿನ ಸರ ಬೇಕು, ಅದನ್ನು ಇವನ ಕೈಯಲ್ಲೇ ಮಾಡಿಸಿಕೊಳ್ಳಬೇಕು ಎಂದು ಬತ್ತಿಯ ಜೊತೆ ಅದನ್ನೂ ಹೊಸೆದಿಟ್ಟಳು.

ಸುಬ್ಬಣ್ಣನಿಗೆ ಲೋಕದಲ್ಲಿ ಒಬ್ಬರೆದುರು ಮಾತ್ರ ನಾಲಗೆ ಏಳುತ್ತಿರಲಿಲ್ಲ. ಮೆಲ್ಬರ್ನ್‌ನಲ್ಲಿದ್ದ ತಂಗಿ ಚಂದ್ರಪ್ರಭಾ. ಎತ್ತಿ ಆಡಿಸಿದ ಕೂಸು, ಅವಳು ಮಾಡಿದ್ದೆಲ್ಲ ಅವನಿಗೆ ಪ್ರಸಾದ. ಅವಳಿಗೋ ಅಣ್ಣನೆಂದರೆ ಪ್ರಾಣ, ಅಣ್ಣನ ನಾಣ್ಯವೆಂದರೆ ಆಕಳಿಕೆ. ಫೋನಿನಲ್ಲಿ ಅವನು ಆ ಮಾತೆತ್ತಿದ ಕೂಡಲೇ ಸ್ಪೀಕರಿಗೆ ಹಾಕಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ನವೆಂಬರಿನಲ್ಲಿ ಮೆಲ್ಬರ್ನ್‌ನಲ್ಲೇ ನಾಣ್ಯ ಪ್ರದರ್ಶನವಿತ್ತು. ಹದಿನೆಂಟೂ ಅಲ್ಲಿ ಮೊದಲ ಸಲ ಜನರೆದುರು ಕೂರಬೇಕು. ಟೇಬಲ್ ಬುಕ್ ಆಗಿತ್ತು, ವಿಮಾನದ ಟಿಕೆಟ್ ಬುಕ್ ಆಗಿತ್ತು. ಅದಕ್ಕೆ ಮುಂಚೆ ದೀಪಾವಳಿಗೆ ಚಂದ್ರಪ್ರಭಾ ಸಿಡ್ನಿಗೆ ಬಂದಳು.

ಅಮಾವಾಸ್ಯೆ ಶನಿವಾರ ಬಿತ್ತು. ಬೆಳಗ್ಗೆ ಸುಬ್ಬಣ್ಣ ಬಾಳೆಲೆ, ಹೂವು ತರಲು ಫ್ಲೆಮಿಂಗ್‌ಟನ್ ಮಾರ್ಕೆಟ್ಟಿಗೆ ಹೋದ. ಅವನ ಕಾರು ತಿರುವು ದಾಟಿದ್ದನ್ನು ನೋಡಿ ಜಲಜಾ ದೊಡ್ಡ ಬಟ್ಟಲಿನಲ್ಲಿ ಹುಣಸೆಹಣ್ಣು ನೆನೆಹಾಕಿದಳು.

"ಅತ್ತಿಗೇ, ಲಕ್ಷ್ಮಿ ಮುಂದೆ ಇಡೋಕೆ ಹಳೇ ಕಾಸು ಇದ್ಯಾ?" ಎಂದು ಚಂದ್ರಪ್ರಭಾ ದೇವರ ಮುಂದೆ ರಂಗೋಲಿ ಎಳೆಯುತ್ತ ಕೇಳಿದಳು. "ಕಾಂಗರೂ ಇರೋ ಡಾಲರ್ ಇಟ್ರೆ ಲಕ್ಷ್ಮಿ ಹೆದರ್ಕೋತಾಳೆ."

"ನಿಮ್ಮಣ್ಣನ ಹತ್ರ ಹದಿನೆಂಟಿದೆ. ಆದ್ರೆ ನಾನು ಮುಟ್ಟೋ ಹಾಗಿಲ್ಲಪ್ಪ."

"ನಾನು ಮುಟ್ಬೋದಾ?"

"ನಿಂಗೆ ಅವ್ರು ಯಾವತ್ತಾದ್ರೂ ಏನಾದ್ರೂ ಅಂದಿದಾರಾ ಚಂದ್ರಾ? ಬೀರು ಕೀ ಅಲ್ಲೇ ಮೊಳೇಲಿದೆ ನೋಡು."

ಚಂದ್ರಪ್ರಭಾ ತಟ್ಟೆ ತಂದು ಬೆಳಕಿಗೆ ಹಿಡಿದು ಮುಖ ಸಿಂಡರಿಸಿದಳು. "ಶಿವನೇ, ಏನು ಕರ್ರಗಾಗಿದೆ! ಲಕ್ಷ್ಮಿ ಮುಂದೆ ಇದನ್ನ ಹೀಗೇ ಇಡೋದಾ? ನಮ್ಮಮ್ಮ ಇದ್ದಿದ್ರೆ ಕಿವಿ ಹಿಂಡ್ತಿದ್ಲು. ಹುಣಸೆಹಣ್ಣು ಇದ್ಯಾ ಅತ್ತಿಗೆ?"

"ನೆನೆದಿದೆ."

ಈಗಲೂ ಒಂದು ಮಾತು ಸಾಕಾಗಿತ್ತು. 'ಬೇಡ' ಅಂದರೆ ಮುಗಿಯುತ್ತಿತ್ತು. ಜಲಜಾ ಆ ಮಾತನ್ನು ನಾಲಗೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ರುಚಿ ನೋಡಿದಳು. ಆಮೇಲೆ ನುಂಗಿದಳು. ಬೆಳ್ಳಿಯವಕ್ಕೆ ವಿಭೂತಿ, ತಾಮ್ರದವಕ್ಕೆ ಹುಣಸೆ, ಎರಡಕ್ಕೂ ಒಂದು ಹಳೇ ಹಲ್ಲುಜ್ಜುವ ಬ್ರಷ್ಷು, ಎಲ್ಲ ಒದಗಿಸಿ ಪಕ್ಕದಲ್ಲೇ ಕುಳಿತು ಕಡುಬಿಗೆ ಕಾಯಿ ತುರಿದಳು. ಆ ಪುಟ್ಟ ತಾಮ್ರದ ಸೆಂಟು ಹುಣಸೆ ರಸದಲ್ಲಿ ಮುಳುಗಿ, ಹುಟ್ಟಿದ ಮಗುವಿನ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿ ಮೇಲೆ ಬಂತು.

"ಇದೊಂಚೂರು ಇನ್ನೂ ಉಜ್ಜು ಚಂದ್ರಾ, ಅಂಚಲ್ಲಿ ಉಳ್ಕೊಂಡಿದೆ," ಎಂದಳು ಜಲಜಾ.

ಸುಬ್ಬಣ್ಣ ಬಾಳೆಲೆಯ ಕಟ್ಟು ಹೊತ್ತು ಬಂದಾಗ ಕಲಶದ ಸುತ್ತ ಹದಿನೆಂಟೂ ಫಳಫಳ ಹೊಳೆಯುತ್ತಿದ್ದವು. ಒಂದೊಂದರ ಹಣೆಗೂ ಅರಿಶಿನ, ಕುಂಕುಮ.

"ಹೆಂಗಿದೆ ಅಣ್ಣಾ? ಒಂದು ಗಂಟೆ ಉಜ್ಜಿದೀನಿ! ಕೈಯೆಲ್ಲಾ ಉರೀತಿದೆ ನೋಡು," ಎಂದು ಚಂದ್ರಪ್ರಭಾ ಎರಡೂ ಅಂಗೈ ಚಾಚಿದಳು.

ಬಾಳೆಲೆ ಕೆಳಗೆ ಬಿತ್ತು. ಹಿಂದೆಯೇ ಸುಬ್ಬಣ್ಣ ನೆಲಕ್ಕೆ ಕುಸಿದು ಕುಳಿತ. ತಂಗಿಯ ಕೆಂಪಾದ ಅಂಗೈ ನೋಡಿದ. "ಚೆ... ಚೆನ್ನಾಗಿದೆ ಪುಟ್ಟೀ," ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ. ಅವಳು ಕಡುಬಿನ ಅಂಚು ಮಡಿಚುತ್ತಿದ್ದಳು.

ಸಂಜೆ ಅರಿಶಿನ ಕುಂಕುಮಕ್ಕೆ ಅದೇ ಹನ್ನೆರಡು ಮುತ್ತೈದೆಯರು ಬಂದರು. ಎಲ್ಲರೂ ಕೂತ ಮೇಲೆ ಜಲಜಾ ಮೆತ್ತಗೆ ಮಾತು ತೆಗೆದಳು. "ರೀ, ಇಷ್ಟು ಚೆನ್ನಾಗಿ ಹೊಳೀತಿದೆ, ಮತ್ತೆ ಬೀರುಗೆ ಯಾಕೆ ಹಾಕ್ಬೇಕು? ತೂತು ಮಾಡ್ಸಿ ನಂಗೊಂದು ಕಾಸಿನ ಸರ ಮಾಡ್ಸಿಕೊಡಿ. ಹೇಗೂ ಕತ್ತು ಖಾಲಿ."

"ತೂತಾ?" ಸುಬ್ಬಣ್ಣನ ಧ್ವನಿ ಕೀರಲಾಯಿತು.

"ಮತ್ತೇನು, ಗಮ್ ಹಾಕಿ ಅಂಟಿಸ್ತಾರಾ ಅಣ್ಣಾ?" ಚಂದ್ರಪ್ರಭಾ ಚಪ್ಪಾಳೆ ತಟ್ಟಿದಳು. "ಸೂಪರ್ ಐಡಿಯಾ ಅತ್ತಿಗೆ! ಮಾಡ್ಸೋ ಅಣ್ಣ, ನನ್ನಾಣೆ. ಮೆಲ್ಬರ್ನ್‌ಗೆ ಹಾಕ್ಕೊಂಡು ಬರ್ಲಿ, ನನ್ ಫ್ರೆಂಡ್ಸ್‌ಗೆಲ್ಲಾ ತೋರಿಸ್ತೀನಿ."

ಈ ಸಲ ಹನ್ನೆರಡೂ ಜನ ನಕ್ಕರು.

ಸೋಮವಾರ ಪ್ಯಾರಮಟ್ಟಾಗೆ ಹೋಗುವಾಗ ಕಾರಿನಲ್ಲಿ ಇಬ್ಬರೇ. ಸಿಗ್ನಲ್ಲಿನಲ್ಲಿ ಸುಬ್ಬಣ್ಣ ಬಾಯಿಬಿಟ್ಟ. "ನಿಂಗೆ ಗೊತ್ತಿತ್ತು."

"ಏನು?"

"ತೊಳೀಬಾರ್ದು ಅಂತ."

"ನಂಗೇನ್ರೀ ಗೊತ್ತಾಗತ್ತೆ, ಒಗ್ಗರಣೆ ಕೈಯವಳಿಗೆ," ಎಂದಳು ಜಲಜಾ. "ಗ್ರೀನ್ ಬಂತು, ಹೋಗಿ."

ಜ್ಯುವೆಲರ್ ಅದೇ ಹಳಬ, ನಲವತ್ತು ಕಾಸು ಕರಗಿಸಿದವನು. ಡ್ರಿಲ್ ತಗುಲಿಸಿ ಕೈ ಚಾಚಿದ. ಜಲಜಾ ಹಿಂದೆ ಸರಿದು ಸ್ಟೂಲಿನ ಮೇಲೆ ಕುಳಿತಳು. "ನೀವೇ ಒಂದೊಂದಾಗಿ ಕೊಡಿ. ನಾನು ಮುಟ್ಟೋ ಹಾಗಿಲ್ವಲ್ಲ. ಅಂಚು ಹಿಡೀರಿ." ಸುಬ್ಬಣ್ಣ ಹದಿನೆಂಟು ಸಲ ಕೈ ನೀಡಿದ. ಹದಿನೆಂಟು ಸಲ ಡ್ರಿಲ್ ಕಿರುಚಿತು. ತಾಮ್ರದ ಆ ಸೆಂಟನ್ನು ಅವನು ಕೊನೆಗಿಟ್ಟುಕೊಂಡಿದ್ದ. ಜಲಜಾ ಅದನ್ನೇ ಸರದ ನಡುವಿಗೆ ಪದಕವಾಗಿ ಇಡಿಸಿದಳು.

ಮೆಲ್ಬರ್ನ್‌ನ ಆ ನಾಣ್ಯ ಪ್ರದರ್ಶನಕ್ಕೆ ಸುಬ್ಬಣ್ಣ ಬರುವುದಿಲ್ಲವೆಂದು ಹಟ ಹಿಡಿದ. ತಂಗಿ ಬಿಡಬೇಕಲ್ಲ! ಬುಕ್ ಮಾಡಿದ ಟೇಬಲ್ಲಿನ ಹಿಂದೆ ಖಾಲಿ ತಟ್ಟೆಯಿಟ್ಟುಕೊಂಡು ಕುಳಿತ. ಪಕ್ಕದಲ್ಲಿ ರೇಷ್ಮೆ ಸೀರೆಯ ಜಲಜಾ, ಎದೆಯ ಮೇಲೆ ಸಾವಿರದ ಒಂಬೈನೂರ ಒಂಬತ್ತು. ಭೂತಗನ್ನಡಿ ಹಿಡಿದ ಮುದುಕರು ಕುತೂಹಲದಿಂದ ಬಾಗುತ್ತಿದ್ದರು. ವರ್ಷ ಓದುತ್ತಿದ್ದರು. ತೂತು ಕಾಣುತ್ತಿತ್ತು. ರಸ್ತೆಯಲ್ಲಿ ಆಕ್ಸಿಡೆಂಟ್ ನೋಡಿದವರಂತೆ ಮುಖ ತಿರುಗಿಸಿ ಸರಿದುಹೋಗುತ್ತಿದ್ದರು. ಒಬ್ಬ ಮಾತ್ರ ಹೋಗಲಿಲ್ಲ. ನಡುವಿನ ಸೆಂಟಿನ 'ಎಸ್' ಮೇಲೆ ಅವನ ಕಣ್ಣು ನಿಂತಿತು.

"ಹೂ ಡಿಡ್ ದಿಸ್?"

ಸುಬ್ಬಣ್ಣ ತಲೆಯೆತ್ತಿದ. ಎದುರಿಗೆ ಚಂದ್ರಪ್ರಭಾ ಕ್ಯಾಮೆರಾ ಹಿಡಿದು, "ಅಣ್ಣಾ, ಸ್ಮೈಲ್!" ಎನ್ನುತ್ತಿದ್ದಳು. ಅವನು ತಂಗಿಯನ್ನು ನೋಡಿದ.

"ಮೈ ವೈಫ್," ಎಂದ.

ಹತ್ತು ಜನ ತಿರುಗಿ ನೋಡಿದರು. ಜಲಜಾ ಸರ ಸರಿಪಡಿಸಿಕೊಂಡಳು, ಪದಕ ನೆಟ್ಟಗೆ ಕಾಣುವ ಹಾಗೆ ಸೆರಗು ಒಂಚೂರು ಸರಿಸಿದಳು.

"ಯೆಸ್," ಎಂದು ನಕ್ಕಳು. "ಆಲ್ ಎಯ್ಟೀನ್."